ನಮ್ಮ ಹೆಸರನ್ನ ನಾವೇ ಒರೆಸಿಕೊಳ್ಳಬೇಕಾ? 12ಎ ಅರ್ಜಿ ತಿರಸ್ಕಾರವಾದ ಸಂಘಟನೆಗಳಿಗೆ ಒಂದು ಮಾತು



ಇದು ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡಿಕೊಂಡು ಓದಿ. ನಿಮ್ಮೂರಲ್ಲಿ ಟ್ರಸ್ಟು, ಸಂಘ ಅಂತ ನಡೆಸ್ತಿರೋರು ಯಾರಾದ್ರೂ ಇದ್ದರೆ ಅವರಿಗೂ ಓದಿಸಿ.

ಕಳೆದ ಒಂದೂವರೆ ತಿಂಗಳಲ್ಲಿ ನನಗೆ ಇಂಥದೇ ಮೂರು ಫೋನ್ ಬಂದಿವೆ. ಒಂದು ಹುಣಸೂರು ಕಡೆಯಿಂದ, ಒಂದು ಪಿರಿಯಾಪಟ್ಟಣದಿಂದ, ಇನ್ನೊಂದು ಕೆ.ಆರ್. ನಗರದಿಂದ. ಮೂವರದೂ ಒಂದೇ ಮಾತು: "ಅಣ್ಣ, ನಮ್ಮ ಟ್ರಸ್ಟ್ ಕ್ಯಾನ್ಸಲ್ ಆಗೋಯ್ತಂತೆ. ಇನ್ನ ಮುಚ್ಚಬೇಕಂತೆ." ಮುಚ್ಚಬೇಕು ಅಂದೋರು ಯಾರಪ್ಪಾ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಒಂದು ಆದೇಶ ಬಂದಿರುತ್ತೆ, ಯಾರೋ ಅರ್ಧ ಓದಿ ಹೇಳಿರ್ತಾರೆ, ಊರು ತುಂಬ ಸುದ್ದಿ ಆಗಿರುತ್ತೆ. ಈ ಸಂಕಟ ನನಗೆ ಚೆನ್ನಾಗಿ ಗೊತ್ತು. ನಮಗೂ ಹಿಂಗೇ ಆಗಿತ್ತು.

ನಮ್ಮದು ಹೆಚ್.ಡಿ. ಕೋಟೆ ತಾಲೂಕು, ಹಂಪಾಪುರ ಹೋಬಳಿ. ಕೇರಿಯ ಮಕ್ಕಳಿಗೆ ಸಂಜೆ ಪಾಠ, ಒಂದು ಬಾಡಿಗೆ ರೂಮಿನಲ್ಲಿ ಗ್ರಂಥಾಲಯ, ಎಸ್ಸೆಸ್ಸೆಲ್ಸಿ ಆದೋರಿಗೆ ಹಾಸ್ಟೆಲ್ ಮತ್ತು ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಡೋದು. ನಮ್ಮ ಟ್ರಸ್ಟಿನ ಕೆಲಸ ಇಷ್ಟೇ. ಏಳು ಜನ ಟ್ರಸ್ಟಿಗಳು. ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ಆಶಾ ಕಾರ್ಯಕರ್ತೆ, ಒಬ್ಬ ಆಟೋ ಓಡಿಸೋನು, ಉಳಿದೋರು ಕೂಲಿನಾಲಿ, ವ್ಯವಸಾಯ. ದುಡ್ಡು ಬರೋದು ನಮ್ಮ ಕೇರಿಯಿಂದ ಹೋಗಿ ಬೆಂಗಳೂರು, ಮೈಸೂರಲ್ಲಿ ಕೆಲಸ ಹಿಡಿದೋರಿಂದ. ಐನೂರು, ಸಾವಿರ. ಏಪ್ರಿಲ್ 14 ಬಂದ್ರೆ ಸ್ವಲ್ಪ ಜಾಸ್ತಿ.

ಬ್ಯಾಂಕಿನಿಂದ ನಿವೃತ್ತರಾದ ನಮ್ಮೋರೇ ಒಬ್ಬರು "80ಜಿ ಮಾಡಿಸಿ, ನಾನು ದೊಡ್ಡ ಮೊತ್ತ ಕೊಡ್ತೀನಿ" ಅಂದ್ರು. 80ಜಿ ಇದ್ದರೆ ದಾನ ಕೊಟ್ಟೋರಿಗೆ ಅವರ ತೆರಿಗೆಯಲ್ಲಿ ರಿಯಾಯಿತಿ. 12ಎ ಇದ್ದರೆ ಸಂಸ್ಥೆಗೆ ಬಂದ ದಾನಕ್ಕೆ, ನಿಯಮದ ಪ್ರಕಾರ ಖರ್ಚು ಮಾಡಿದ್ರೆ, ತೆರಿಗೆ ಇಲ್ಲ. ಕಂಪನಿಗಳ ಸಿಎಸ್‌ಆರ್ ಹಣಕ್ಕೆ ಅರ್ಜಿ ಹಾಕಬೇಕು ಅಂದ್ರೂ ಇವೆರಡೂ ಬೇಕು. ಸರಿ ಅಂತ ಹೊರಟ್ವಿ. 2021ರ ಏಪ್ರಿಲ್‌ನಿಂದ ಬಂದಿರೋ ಪದ್ಧತಿಯಲ್ಲಿ ಹೊಸ ಸಂಸ್ಥೆಗೆ ಮೊದಲು ಮೂರು ವರ್ಷದ ತಾತ್ಕಾಲಿಕ ನೋಂದಣಿ ಕೊಡ್ತಾರೆ. ಅದು ಸಲೀಸಾಗಿ ಬಂತು. ಆಮೇಲೆ ಫಾರಂ 10ಎಬಿ ಹಾಕಿ ಕಾಯಂ ಮಾಡಿಸಬೇಕು. 2024ರ ಜೂನ್‌ನಲ್ಲಿ ಹಾಕಿದ್ವಿ. ಹಾಕಿ ಮರೆತ್ವಿ.

2025ರ ಸಂಕ್ರಾಂತಿ ಹಿಂದಿನ ದಿನ ಪೋರ್ಟಲ್ ತೆಗೆದು ನೋಡಿದ್ರೆ ಅರ್ಜಿ ತಿರಸ್ಕಾರ. ಆದೇಶ ಡಿಸೆಂಬರ್‌ನಲ್ಲೇ ಬಂದಿದೆ. ಅದಕ್ಕೂ ಮೊದಲು ಎರಡು ನೋಟಿಸ್ ಬಂದಿವೆ. ನಾವು ಒಂದಕ್ಕೂ ಉತ್ತರ ಕೊಟ್ಟಿಲ್ಲ. ಯಾಕಂದ್ರೆ ನೋಟಿಸ್ ಹೋಗಿದ್ದು ನಮ್ಮ ಹುಡುಗನೊಬ್ಬ ಮಾಡಿಕೊಟ್ಟಿದ್ದ ಇಮೇಲ್‌ಗೆ. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ವರ್ಷವಾಗಿತ್ತು, ಪಾಸ್‌ವರ್ಡ್ ಅವನಿಗೂ ನೆನಪಿರಲಿಲ್ಲ.

ಆದೇಶದಲ್ಲಿ ಎರಡು ಕಾರಣ. ಒಂದು, ಕೇಳಿದ ದಾಖಲೆ ಕೊಟ್ಟಿಲ್ಲ, ಹಾಗಾಗಿ ಚಟುವಟಿಕೆ ನಿಜವಾ ಅಂತ ಪರಿಶೀಲಿಸೋಕೆ ಆಗಿಲ್ಲ. ಇದು ನಮ್ಮದೇ ತಪ್ಪು, ಒಪ್ಪಿಕೊಂಡೆ. ಎರಡನೇದು ಓದಿದಾಗ ಮಾತ್ರ ಎದೆಗೆ ಕಲ್ಲು ಬಿದ್ದ ಹಾಗಾಯ್ತು. ಟ್ರಸ್ಟಿನ ಉದ್ದೇಶ ನಿರ್ದಿಷ್ಟ ಜಾತಿಯ ಪ್ರಯೋಜನಕ್ಕೆ ಸೀಮಿತವಾಗಿದೆ, ಸಾರ್ವಜನಿಕ ಅಲ್ಲ, ಅನ್ನೋ ಅರ್ಥದ ಮಾತು ಅಲ್ಲಿತ್ತು. ನಮ್ಮ ಡೀಡಿನಲ್ಲಿ "ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಶಿಕ್ಷಣಕ್ಕಾಗಿ" ಅಂತ ಒಂದು ಸಾಲಿದೆ. ಅದಕ್ಕೆ.

ಮೈಸೂರಲ್ಲಿ ಇಂಥ ಕೆಲಸ ಮಾಡಿಕೊಡೋ ಒಬ್ಬರ ಹತ್ರ ಹೋದ್ವಿ. ಹೆಸರು ಬೇಡ. ಅವರು ಆದೇಶ ನೋಡಿ ಎರಡೇ ನಿಮಿಷದಲ್ಲಿ ಹೇಳಿದ್ರು: "ಆ ಪದ ತೆಗೆದುಬಿಡಿ. 'ಬಡ ವಿದ್ಯಾರ್ಥಿಗಳು' ಅಂತ ಹಾಕಿ. ಡೀಡ್ ತಿದ್ದಿ ಹೊಸ ಅರ್ಜಿ ಹಾಕೋಣ. ಸುಮ್ನೆ ಜಾತಿ ಗೀತಿ ಅಂತ ಯಾಕೆ ಬರ್ಕೋತೀರಿ?"

ಅವತ್ತು ರಾತ್ರಿ ಗ್ರಂಥಾಲಯದ ರೂಮಿನಲ್ಲಿ ಮೀಟಿಂಗ್. ಜಗಳವೇ ಆಯ್ತು ಅನ್ನಿ. ಹುಡುಗರು "ತೆಗೀರಣ್ಣ, ಕೆಲಸ ಆದ್ರೆ ಸಾಕು" ಅಂದ್ರು. ಮೇಷ್ಟ್ರು ಸುಮ್ನೆ ಕೂತಿದ್ರು. ನನಗೂ ಒಂದು ಗಳಿಗೆ ತೆಗೆದುಬಿಡೋಣ ಅನ್ನಿಸ್ತು, ಸುಳ್ಳು ಯಾಕೆ ಹೇಳಲಿ. ದುಡ್ಡಿನ ಕಷ್ಟ ಹಂಗಿತ್ತು. ಆಗ ನಮ್ಮ ಟ್ರಸ್ಟಿ ಒಬ್ಬರು, ವಯಸ್ಸಾದ ತಾಯಿ, ಓದು ಬರಹ ಇಲ್ಲ, ಡೀಡಿಗೆ ಹೆಬ್ಬೆಟ್ಟು ಒತ್ತಿದೋರು, ಕೇಳಿದ್ರು: "ಏನಂತ ಬರುದದೆ ಅದ್ರಲ್ಲಿ?" ಓದಿ ಹೇಳಿದೆ. "ಅದು ಸುಳ್ಳಾ?" ಅಂದ್ರು. ಇಲ್ಲವ್ವ ಅಂದೆ. "ನಮ್ ಹೆಸ್ರ ನಾವೇ ಒರುಸ್ಕಂಡ್ರೆ ಇನ್ನ ಬ್ಯಾರೆಯೋರು ಒರ್ಸಾಕೆ ಏನ್ಲಾ ಉಳ್ಕತದೆ?" ಅಂದ್ರು. ಮೀಟಿಂಗ್ ಅಲ್ಲಿಗೆ ಮುಗೀತು.

ಮಾರನೇ ದಿನ ಕಾನೂನು ಓದೋಕೆ ಕೂತೆ. ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 13, ಉಪವಿಧಿ 1, ಕ್ಲಾಸ್ ಬಿ. ಒಂದು ಧರ್ಮದ ಸಮುದಾಯಕ್ಕೋ ಒಂದು ಜಾತಿಗೋ ಪ್ರಯೋಜನ ಕೊಡೋಕೆ ಹುಟ್ಟಿದ ಧರ್ಮಾರ್ಥ ಟ್ರಸ್ಟಿಗೆ ವಿನಾಯಿತಿ ಇಲ್ಲ ಅನ್ನುತ್ತೆ. ಸರಿಯಾದ ನಿಯಮವೇ. ಬಲಾಢ್ಯ ಜಾತಿಗಳು ತಮ್ಮೋರಿಗೆ ಮಾತ್ರ ಛತ್ರ, ಹಾಸ್ಟೆಲ್ ಕಟ್ಟಿಕೊಂಡು ಸಾರ್ವಜನಿಕ ಸೇವೆ ಅನ್ನಬಾರದಲ್ಲ. ಆದರೆ ಅದೇ ಸೆಕ್ಷನ್ 13ರ ಕೆಳಗೆ ವಿವರಣೆ 2 ಅಂತ ಇದೆ. ಅದು ಏನು ಹೇಳುತ್ತೆ ಅಂದ್ರೆ: ಪರಿಶಿಷ್ಟ ಜಾತಿ, ಹಿಂದುಳಿದ ವರ್ಗ, ಪರಿಶಿಷ್ಟ ಪಂಗಡ, ಮಹಿಳೆಯರು ಮತ್ತು ಮಕ್ಕಳ ಪ್ರಯೋಜನಕ್ಕೆ ಸ್ಥಾಪಿಸಿದ ಸಂಸ್ಥೆಯನ್ನ "ಒಂದು ಧರ್ಮ ಅಥವಾ ಜಾತಿಗೆ ಮೀಸಲಾದ ಸಂಸ್ಥೆ" ಅಂತ ಪರಿಗಣಿಸುವಂತಿಲ್ಲ. 80ಜಿ ಸೆಕ್ಷನ್ನಿನಲ್ಲೂ ಇದೇ ಅರ್ಥದ ವಿವರಣೆ ಇದೆ, ವಿವರಣೆ 1.

ಮೂರು ಸಲ ಓದಿದೆ. ಮೇಷ್ಟ್ರಿಗೆ ಫೋನ್ ಮಾಡಿ ಓದಿ ಹೇಳಿದೆ. ನಾವು ಅಳಿಸೋಕೆ ಹೊರಟಿದ್ದ ಪದವೇ ನಮ್ಮನ್ನ ಕಾಪಾಡೋ ಪದ! ನಾವು "ಬಡ ವಿದ್ಯಾರ್ಥಿಗಳು" ಅಂತ ತಿದ್ದಿದ್ದರೆ ಆ ರಕ್ಷಣೆಯನ್ನ ನಮ್ಮ ಕೈಯಾರೆ ಕಿತ್ತು ಹಾಕಿದ ಹಾಗೆ. ಇನ್ನೂ ಒಂದು: ಉದ್ದೇಶ ಬದಲಿಸಿದ ಸಂಸ್ಥೆ 30 ದಿನದೊಳಗೆ ಮತ್ತೆ ನೋಂದಣಿಗೆ ಅರ್ಜಿ ಹಾಕಬೇಕು ಅಂತ ಕಾನೂನೇ ಹೇಳುತ್ತೆ. ಡೀಡಿನಲ್ಲಿ ತಿದ್ದುಪಡಿಗೆ ಅವಕಾಶ ಬರೆದುಕೊಂಡಿಲ್ಲ ಅಂದ್ರೆ ಕೋರ್ಟಿಗೇ ಅಲೆಯಬೇಕಾಗಬಹುದು. ಎರಡು ನಿಮಿಷದ ಸಲಹೆ ಎಷ್ಟು ದೂರ ಎಳೀತಿತ್ತು ನೋಡಿ.

ಇಲ್ಲೊಂದು ಎಚ್ಚರಿಕೆಯ ಮಾತು. ವಿವರಣೆ 2ರಲ್ಲಿ ಇರೋದು "ಪರಿಶಿಷ್ಟ ಜಾತಿ" ಅನ್ನೋ ಸಂವಿಧಾನದ ಪದ, 341ನೇ ವಿಧಿಯ ಪದ. ಡೀಡಿನಲ್ಲಿ ಅದೇ ಪದ ಇರಲಿ. ಒಂದೇ ಒಂದು ಉಪಜಾತಿಯ ಹೆಸರು ಬರೆದರೆ ಬೇರೆ ವಾದಕ್ಕೆ ದಾರಿ ಬಿಟ್ಟ ಹಾಗೆ. ಎಡ ಬಲ ಅಂತ ನಾವು ಒಡೆದುಕೊಂಡಿರೋದು ಸಾಲದೇ, ಡೀಡಿನಲ್ಲೂ ಒಡೀಬೇಕಾ? ಹಾಗೇ ವಿಹಾರ, ಧಮ್ಮ ಪ್ರಚಾರ ಎಲ್ಲವನ್ನೂ ಒಂದೇ ಟ್ರಸ್ಟಿಗೆ ತುರುಕಬೇಡಿ. 80ಜಿ ಇರೋ ಸಂಸ್ಥೆ ಧಾರ್ಮಿಕ ಸ್ವರೂಪದ ಖರ್ಚನ್ನ ವರ್ಷದ ಆದಾಯದ ಶೇ. 5ಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಶಿಕ್ಷಣಕ್ಕೆ ಒಂದು, ವಿಹಾರಕ್ಕೆ ಒಂದು ಬೇರೆ ಬೇರೆ ಇಟ್ಟುಕೊಳ್ಳಿ.

ಈಗ ಆ ಮೂರು ಫೋನಿನೋರಿಗೆ ಹೇಳಿದ್ದನ್ನ ಇಲ್ಲಿ ಎಲ್ಲರಿಗೂ ಹೇಳ್ತೀನಿ. ನಾನು ವಕೀಲ ಅಲ್ಲ, ಸಿಎ ಅಲ್ಲ. ಪೆಟ್ಟು ತಿಂದು ಕಲಿತಿದ್ದು ಇದು. ಕೊನೆಯ ಮಾತು ತಿಳಿದೋರ ಹತ್ರವೇ ಕೇಳಿ.

ಮೊದಲನೇದು. ಟ್ರಸ್ಟ್ ಸತ್ತಿಲ್ಲ. 12ಎ ಅರ್ಜಿ ತಿರಸ್ಕಾರ ಅಂದ್ರೆ ತೆರಿಗೆ ವಿನಾಯಿತಿ ಸಿಗಲಿಲ್ಲ ಅಂತ ಅರ್ಥ, ಅಷ್ಟೇ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯಾದ ಡೀಡ್ ಹಾಗೇ ಇರುತ್ತೆ. ಸಂಘವಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಅದರ ನೋಂದಣಿ ಹಾಗೇ ಇರುತ್ತೆ. ಪಾಠ ನಿಲ್ಲಿಸಬೇಡಿ, ಬೋರ್ಡ್ ಇಳಿಸಬೇಡಿ. "ಮುಚ್ಚೋಯ್ತು" ಅನ್ನೋ ಸುದ್ದಿ ಹಬ್ಬಿಸೋರಿಗೆ ಡೀಡ್ ತೋರಿಸಿ.

ಎರಡನೇದು. ತಾರೀಕು ನೋಡಿ. ಆದೇಶ ನಿಮ್ಮ ಕೈಸೇರಿದ್ದು ಯಾವಾಗ ಅಂತ ಬರೆದಿಡಿ. ಮೇಲ್ಮನವಿಗೆ ಮೊದಲು 60 ದಿನ ಇತ್ತು. 2024ರ ಅಕ್ಟೋಬರ್ 1ರಿಂದ ಆದೇಶ ತಲುಪಿದ ತಿಂಗಳು ಮುಗಿದ ಮೇಲೆ ಎರಡು ತಿಂಗಳು ಅಂತ ಆಗಿದೆ. ನಮಗೆ ಡಿಸೆಂಬರ್‌ನಲ್ಲಿ ಬಂದಿತ್ತು, ಫೆಬ್ರವರಿ ಕೊನೆವರೆಗೆ ಟೈಮ್ ಇತ್ತು. ನಾವು ನೋಡಿದ್ದೇ ಜನವರಿಯಲ್ಲಿ. ಇನ್ನೊಂದು ತಿಂಗಳು ಹಂಗೇ ಬಿಟ್ಟಿದ್ದರೆ ಕಥೆ ಮುಗೀತಿತ್ತು.

ಮೂರನೇದು. ಕಾರಣ ವಿಂಗಡಿಸಿ. ತಡವಾಗಿ ಹಾಕಿದ್ದಕ್ಕಾ? ಫಾರಂನಲ್ಲಿ ತಪ್ಪು ಸೆಕ್ಷನ್ ಕೋಡ್ ಒತ್ತಿದ್ದಕ್ಕಾ? ನೋಟಿಸ್‌ಗೆ ಉತ್ತರ ಕೊಡದೇ ಇದ್ದದ್ದಕ್ಕಾ? ಉದ್ದೇಶವೇ ಸರಿಯಿಲ್ಲ ಅಂತಲಾ? ಒಂದೊಂದಕ್ಕೂ ಮದ್ದು ಬೇರೆ. ಬರೀ ತಡ ಅಥವಾ ತಪ್ಪು ಕೋಡ್ ಅನ್ನೋ ಕಾರಣಕ್ಕೆ ತಿರಸ್ಕಾರ ಆದೋರಿಗೆ ಕೇಂದ್ರ ನೇರ ತೆರಿಗೆ ಮಂಡಳಿ 2024ರ ಏಪ್ರಿಲ್ 25ರ ಸುತ್ತೋಲೆಯಲ್ಲಿ ಜೂನ್ 30ರೊಳಗೆ ಹೊಸ ಅರ್ಜಿ ಹಾಕೋ ಅವಕಾಶ ಕೊಟ್ಟಿತ್ತು. ಆ ಬಾಗಿಲು ಮುಚ್ಚಿದೆ. ಆದರೆ 2024ರ ಅಕ್ಟೋಬರ್‌ನಿಂದ, ಸಕಾರಣ ಇದ್ದರೆ ನೋಂದಣಿ ಅರ್ಜಿಯ ತಡವನ್ನ ಮನ್ನಿಸೋ ಅಧಿಕಾರ ಆಯುಕ್ತರಿಗೇ ಇದೆ. ಆದೇಶದಲ್ಲಿ ದಾಖಲೆ ನೋಡಿದ್ರೇ ಕಾಣೋ ತಪ್ಪಿದ್ದರೆ ಸೆಕ್ಷನ್ 154ರ ಕೆಳಗೆ ತಿದ್ದುಪಡಿ ಕೇಳಬಹುದು. ಅದು ಕೇಳ್ತಾ ಕೂತು ಮೇಲ್ಮನವಿಯ ಗಡುವು ಮಾತ್ರ ಕಳೀಬೇಡಿ.

ನಾಲ್ಕನೇದು. ಮೇಲ್ಮನವಿ. ಇದು ನೇರವಾಗಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುತ್ತೆ, ಮಧ್ಯೆ ಇನ್ನೊಂದು ಮೆಟ್ಟಿಲಿಲ್ಲ. ಬೆಂಗಳೂರಲ್ಲೇ ಪೀಠ ಇದೆ. ಫಾರಂ 36. ಶುಲ್ಕ 500 ರೂಪಾಯಿ. ಹೌದು, ಐನೂರೇ. ಲಕ್ಷ ಬೇಕಾಗುತ್ತೆ ಅಂತ ಹೆದರಿಸೋರು ಇದ್ದಾರೆ. ವಕೀಲರ ಫೀಸು ಬೇರೆ, ಕೋರ್ಟಿನ ಶುಲ್ಕ ಬೇರೆ. ಗಡುವು ಮೀರಿದ್ದರೂ ಕೈಚೆಲ್ಲಬೇಡಿ. ಯಾಕೆ ತಡವಾಯ್ತು ಅಂತ ನಿಜ ಬರೆದು ಅಫಿಡವಿಟ್ ಜೊತೆ ವಿಳಂಬ ಮನ್ನಿಸಿ ಅಂತ ಅರ್ಜಿ ಹಾಕಬಹುದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ನ್ಯಾಯಮಂಡಳಿ ತೆರಿಗೆ ಇಲಾಖೆಯ ಕೈಕೆಳಗಿಲ್ಲ. ಅದು ಬರೋದು ಕಾನೂನು ಸಚಿವಾಲಯದಡಿ. ಸ್ವತಂತ್ರ ಭಾರತದಲ್ಲಿ ಆ ಖಾತೆಯ ಮೊದಲ ಮಂತ್ರಿ ಯಾರು ಅಂತ ನಿಮಗೆ ನಾನು ಹೇಳಬೇಕಿಲ್ಲ.

ಐದನೇದು. ಸಾಕ್ಷಿ ಕಟ್ಟಿ. ಮಕ್ಕಳ ಹಾಜರಿ ಪುಸ್ತಕ, ತಾರೀಕಿರೋ ಫೋಟೋ, ಬ್ಯಾಂಕ್ ಸ್ಟೇಟ್‌ಮೆಂಟ್, ಬಾಡಿಗೆ ರಸೀದಿ, ಪುಸ್ತಕ ಕೊಂಡ ಬಿಲ್ಲು, ದಾನಿಗಳ ಹೆಸರು ವಿಳಾಸದ ಪಟ್ಟಿ, ಮೀಟಿಂಗಿನ ನಡಾವಳಿ, ಶಾಲೆಯ ಮುಖ್ಯ ಶಿಕ್ಷಕರಿಂದ ಒಂದು ಪತ್ರ. "ನಾವು ಕೆಲಸ ಮಾಡಿರೋದು ಇಡೀ ಊರಿಗೆ ಗೊತ್ತು" ಅಂದ್ರೆ ಕಡತಕ್ಕೆ ಗೊತ್ತಾಗಲ್ಲ.

ಆರನೇದು. ತೀರ್ಪುಗಳನ್ನ ಕೇಳಿ ತಿಳ್ಕೊಳ್ಳಿ. ಆನಂದ ಸೋಶಿಯಲ್ ಅಂಡ್ ಎಜುಕೇಶನಲ್ ಟ್ರಸ್ಟ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ: ಹೊಸದಾಗಿ ಹುಟ್ಟಿದ ಟ್ರಸ್ಟ್ ನೋಂದಣಿಗೆ ಬಂದಾಗ, ಇನ್ನೂ ಕೆಲಸ ಶುರುವಾಗಿಲ್ಲ ಅನ್ನೋದೇ ತಿರಸ್ಕಾರಕ್ಕೆ ಕಾರಣ ಆಗೋಲ್ಲ, ಮಾಡಬೇಕು ಅಂದುಕೊಂಡಿರೋ ಚಟುವಟಿಕೆಯನ್ನೂ ನೋಡಬೇಕು. ನಮ್ಮ ಕರ್ನಾಟಕ ಹೈಕೋರ್ಟೇ ಸಂಜೀವಮ್ಮ ಹನುಮಂತೇಗೌಡ ಚಾರಿಟಬಲ್ ಟ್ರಸ್ಟ್ ಕೇಸಿನಲ್ಲಿ 2006ರಲ್ಲಿ, ನೋಂದಣಿ ಹಂತದಲ್ಲಿ ನೋಡಬೇಕಾದ್ದು ಉದ್ದೇಶ ಮತ್ತು ಚಟುವಟಿಕೆಯ ನೈಜತೆಯನ್ನ, ಹಣ ಹೇಗೆ ಖರ್ಚಾಯ್ತು ಅನ್ನೋ ತನಿಖೆ ಆ ಹಂತದ್ದಲ್ಲ ಅಂದಿದೆ. ಕಾನೂನು ಆಮೇಲೆ ಒಂದಷ್ಟು ಬಿಗಿಯಾಗಿದೆ. ನಿಮ್ಮ ಕೇಸಿಗೆ ಯಾವುದು ಹೊಂದುತ್ತೆ ಅಂತ ವಕೀಲರು ನೋಡಲಿ. ಆದ್ರೆ ಇವು ಇವೆ ಅಂತ ನಿಮಗೆ ಗೊತ್ತಿರಲಿ.

ಏಳನೇದು. ಅಲ್ಲಿವರೆಗೆ ಸುಳ್ಳು ಹೇಳಬೇಡಿ. 80ಜಿ ಇಲ್ಲದೇ 80ಜಿ ರಸೀದಿ ಕೊಡಬೇಡಿ. ದಾನಿಗಳಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ನಾವು ಹೇಳಿದ್ವಿ, ಒಬ್ಬರೂ ಕೈಬಿಡಲಿಲ್ಲ. ಆದಾಯ ತೆರಿಗೆ ರಿಟರ್ನ್ ಬಗ್ಗೆ ಸಿಎ ಹತ್ರ ಕೇಳಿ. ವಿನಾಯಿತಿ ಇಲ್ಲದಿದ್ದರೂ ಸಣ್ಣ ಆದಾಯದ ಸಂಸ್ಥೆ ತೆರಿಗೆ ಬೀಳೋ ಮಿತಿಯೊಳಗೇ ಇರಬಹುದು. ಸ್ವಂತ ಕಟ್ಟಡ, ಜಮೀನು ಇರೋ ಸಂಸ್ಥೆಯಾದರೆ ಮಾತ್ರ ಒಂದು ದಿನವೂ ತಡ ಮಾಡಬೇಡಿ. ಇದ್ದ ನೋಂದಣಿ ರದ್ದಾದರೆ ಸೆಕ್ಷನ್ 115ಟಿಡಿ ಅಂತ ಒಂದಿದೆ, ಸಂಸ್ಥೆ ಕೂಡಿಸಿಟ್ಟ ಆಸ್ತಿಯ ಮೌಲ್ಯದ ಮೇಲೇ ತೆರಿಗೆ ಬೀಳಬಹುದು.

ಒಂದು ಸೂಚನೆ: 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ 2025 ಜಾರಿ. ಮೇಲೆ ಹೇಳಿದ ಸೆಕ್ಷನ್ ನಂಬರುಗಳೆಲ್ಲ ಹಳೇ ಕಾಯ್ದೆಯವು. ಅರ್ಜಿ ಹಾಕೋವಾಗ ಯಾವ ಕಾಯ್ದೆ, ಯಾವ ನಂಬರು ಅಂತ ಕೇಳಿ ಹಾಕಿ.

ಇಷ್ಟು ಹೇಳಿದ ಮೇಲೆ ಮನಸ್ಸಿನಲ್ಲಿರೋ ಇನ್ನೊಂದು ಮಾತು.

ನಮ್ಮ ಅರ್ಜಿ ತಿರಸ್ಕಾರವಾಗಿದ್ದು ಗೊತ್ತಾದ ಅದೇ ಜನವರಿಯ ಕೊನೆಯಲ್ಲಿ ದಿ ರಿಪೋರ್ಟರ್ಸ್ ಕಲೆಕ್ಟಿವ್ ಅನ್ನೋ ಪತ್ರಕರ್ತರ ಸಂಸ್ಥೆ ತಮ್ಮ ಲಾಭರಹಿತ ಸ್ಥಾನಮಾನ ರದ್ದಾಗಿದೆ ಅಂತ ಹೇಳಿಕೆ ಕೊಟ್ಟಿತು. ತಮ್ಮ ಪತ್ರಿಕೋದ್ಯಮದಿಂದ ಸಾರ್ವಜನಿಕ ಉದ್ದೇಶ ಈಡೇರಲ್ಲ ಅನ್ನೋದು ಕೊಟ್ಟ ಕಾರಣ ಅಂದಿತು. ನಮ್ಮ ಕನ್ನಡದ ದಿ ಫೈಲ್‌ಗೂ ಹಾಗೇ ಆಗಿದೆ ಅಂತ ಸುದ್ದಿ ಬಂತು. ಅದಕ್ಕೂ ಮುಂಚೆ 2023ರಲ್ಲಿ ದಿಲ್ಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನ ವಿನಾಯಿತಿ ರದ್ದಾಗಿತ್ತು. ಯಾವುದು ಸಾರ್ವಜನಿಕ, ಯಾವುದು ಅಲ್ಲ ಅಂತ ಹೇಳೋ ಅಧಿಕಾರ ಯಾರ ಕೈಲಿದೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ. ಊರ ಬಾವಿ, ಊರ ದೇವಸ್ಥಾನ, ಊರ ಹೋಟೆಲ್ಲು ಎಲ್ಲವೂ "ಸಾರ್ವಜನಿಕ"ವೇ ಆಗಿದ್ದವು, ನಾವು ಮಾತ್ರ ಆ ಪದದ ಹೊರಗಿದ್ವಿ. ಈಗ ನಾವು ನಮ್ಮ ಮಕ್ಕಳಿಗೆ ಪಾಠ ಹೇಳಿದ್ರೆ "ಇದು ಸಾರ್ವಜನಿಕ ಅಲ್ಲ" ಅಂದ್ರೆ ಹೊಟ್ಟೆ ಉರಿಯಲ್ವಾ?

ಆದ್ರೆ ದೊಡ್ಡ ಸಂಸ್ಥೆಗಳಿಗೂ ನಮಗೂ ಒಂದು ವ್ಯತ್ಯಾಸ ಇದೆ. ಅವರ ಸುದ್ದಿ ಪತ್ರಿಕೆಯಲ್ಲಿ ಬರುತ್ತೆ, ಅವರಿಗೆ ವಕೀಲರು ಸಿಗ್ತಾರೆ. ಹೋಬಳಿ ಮಟ್ಟದ ನಮ್ಮ ಟ್ರಸ್ಟುಗಳು ಸದ್ದಿಲ್ಲದೆ ಸಾಯ್ತವೆ. ಎಷ್ಟೋ ಸಲ ದ್ವೇಷವೂ ಬೇಕಿಲ್ಲ ಕೊಲ್ಲೋಕೆ. ಯಾರೂ ತೆಗೆಯದ ಒಂದು ಇಮೇಲ್ ಸಾಕು.

ಇಲ್ಲಿ ನಮ್ಮನ್ನೂ ನಾವು ಕೇಳಿಕೊಳ್ಳಬೇಕು. ನಮ್ಮ ಹೋರಾಟದಲ್ಲಿ ಲೆಕ್ಕ ಬರೆಯೋನಿಗೆ ಮರ್ಯಾದೆ ಇಲ್ಲ. ಮೈಕ್ ಹಿಡಿದೋನಿಗೆ ಶಾಲು, ರಸೀದಿ ಹರಿದೋನಿಗೆ ಏನೂ ಇಲ್ಲ. ಜಯಂತಿಗೆ ಡಬ್ಬಿ ಹಿಡ್ಕೊಂಡು ಹೋಗ್ತೀವಿ, ಯಾರು ಎಷ್ಟು ಹಾಕಿದ್ರು ಅಂತ ಬರೆಯಲ್ಲ. ಹೆಸರಿಲ್ಲದ ದಾನ ಒಂದು ಮಿತಿ ದಾಟಿದರೆ ಅದಕ್ಕೆ ಶೇ. 30 ತೆರಿಗೆ ಅಂತ ಸೆಕ್ಷನ್ 115ಬಿಬಿಸಿ ಹೇಳುತ್ತೆ. ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಕೊಟ್ಟೋರಿಗೆ 80ಜಿ ರಿಯಾಯಿತಿ ಸಿಗಲ್ಲ. ಲೆಕ್ಕ ಕೇಳಿದ್ರೆ "ನಮ್ಮ ಮೇಲೆ ಅನುಮಾನನಾ?" ಅಂತ ಮುನಿಸಿಕೊಳ್ತೀವಿ. ಇದು ಬಿಡಬೇಕು.

ಕಾಗದದ ಬಗ್ಗೆ ನಮಗಿರೋ ಭಯ, ತಾತ್ಸಾರ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಶಾನುಭೋಗರ ಕಡತದಲ್ಲಿ ಏನಿದೆ ಅಂತ ನಮ್ಮ ತಾತಂದಿರಿಗೆ ಯಾರೂ ಓದಿ ಹೇಳಲಿಲ್ಲ. ಹೆಬ್ಬೆಟ್ಟು ಒತ್ತು ಅಂದ್ರು, ಒತ್ತಿದ್ರು, ಜಮೀನು ಹೋಯ್ತು. ಹಂಗೆ ಹೋದ ಮಂಜೂರಾತಿ ಜಮೀನು ವಾಪಸ್ ಕೊಡಿಸೋಕೆ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಆ ಕಾಯ್ದೆಯಲ್ಲೂ, 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, "ತಡವಾಗಿ ಬಂದ್ರಿ" ಅನ್ನೋ ಒಂದೇ ಕಾರಣಕ್ಕೆ ಎಷ್ಟು ಕೇಸು ಬಿದ್ದುಹೋದವು! ಧರಣಿ ಕೂತು, ಹೋರಾಡಿ, 2023ರಲ್ಲಿ ಕಾಲಮಿತಿ ಅನ್ವಯಿಸಲ್ಲ ಅನ್ನೋ ತಿದ್ದುಪಡಿ ತರಬೇಕಾಯ್ತು. ಕಾನೂನು ನಮ್ಮ ಪರ ಇದ್ದರೂ ತಾರೀಕು ನಮ್ಮನ್ನ ಸೋಲಿಸುತ್ತೆ ಅನ್ನೋದನ್ನ ನಾವು ಇನ್ನೆಷ್ಟು ಸಲ ಕಲೀಬೇಕು?

ಬಾಬಾಸಾಹೇಬರನ್ನ ನಾವು ಕೋಟು, ಪುಸ್ತಕ, ತೋರುಬೆರಳಿನಲ್ಲಿ ನೋಡ್ತೀವಿ. ಅವರು ಸಾರ್ವಜನಿಕ ಹಣಕಾಸಿನ ಮೇಲೇ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞ ಅನ್ನೋದನ್ನ ಮರೀತೀವಿ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ, 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, ಮರುವರ್ಷ ಸಿದ್ಧಾರ್ಥ ಕಾಲೇಜು. ಭಾಷಣದ ಜೊತೆಗೇ ಸಂಸ್ಥೆಗಳನ್ನೂ ಕಟ್ಟಿದೋರು ಅವರು. ಸಭಾದ ಹೆಸರು ನೋಡಿ: ಬಹಿಷ್ಕೃತ. ಯಾರಿಗಾಗಿ ಈ ಸಂಸ್ಥೆ ಅನ್ನೋದನ್ನ ಬೋರ್ಡಿನ ಮೇಲೇ ಬರೆದರು.

ಹಾಗಾಗಿ ಮೂರು ಮಾತು ಕೇಳ್ತೀನಿ.

ಸರ್ಕಾರಕ್ಕೆ: ಹಳ್ಳಿ ಸಂಸ್ಥೆಗೆ ಕಳಿಸೋ ನೋಟಿಸ್ ಕನ್ನಡದಲ್ಲೂ ಇರಲಿ, ಇಮೇಲ್ ಜೊತೆ ಅಂಚೆಯಲ್ಲೂ ಬರಲಿ. ಸಮಾಜ ಕಲ್ಯಾಣ ಇಲಾಖೆ ತಾಲೂಕಿಗೊಂದು ಕಡೆ ಇಂಥ ಅರ್ಜಿಗಳಿಗೆ ಸಹಾಯ ಮಾಡೋ ವ್ಯವಸ್ಥೆ ಮಾಡಲಿ.

ಓದಿ ಮೇಲೆ ಬಂದ ನಮ್ಮ ಸಿಎಗಳಿಗೆ, ತೆರಿಗೆ ವಕೀಲರಿಗೆ: ತಿಂಗಳಿಗೆ ಒಂದು ದಿನ ಕೊಡಿ. ಮೈಸೂರಲ್ಲಿ ಒಂದು ಕಡೆ ಕೂತರೆ ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದೋರು ಬಸ್ಸು ಹತ್ತಿ ಬರ್ತಾರೆ. ದುಡ್ಡು ಬೇಡ, ಒಂದು ಭಾನುವಾರ ಕೊಡಿ.

ಸಂಗಾತಿಗಳಿಗೆ: ಇವತ್ತು ರಾತ್ರಿಯೇ ನಿಮ್ಮ ಟ್ರಸ್ಟಿನ ಪೋರ್ಟಲ್ ತೆಗೆದು ನೋಡಿ. ಇ-ಪ್ರೊಸೀಡಿಂಗ್ಸ್ ಅನ್ನೋ ಕಡೆ ನೋಟಿಸ್ ಇದ್ಯಾ ನೋಡಿ. ಅದರಲ್ಲಿರೋ ಇಮೇಲ್, ಫೋನ್ ನಂಬರ್ ಯಾರದು, ಆ ಮನುಷ್ಯ ಈಗ ಎಲ್ಲಿದ್ದಾನೆ, ಪಾಸ್‌ವರ್ಡ್ ಯಾರ ಹತ್ರ ಇದೆ ವಿಚಾರಿಸಿ. ಇಬ್ಬರ ಹತ್ರ ಇರೋ ಹಾಗೆ ಮಾಡಿ. ತಾತ್ಕಾಲಿಕ ನೋಂದಣಿ ಮುಗಿಯೋ ತಾರೀಕನ್ನ ಗೋಡೆ ಮೇಲೆ ಬರೀರಿ. ಒಂದು ಸಲ ಕಾಯಂ ಆದ್ರೆ ಸಣ್ಣ ಸಂಸ್ಥೆಗಳಿಗೆ, ಅಂದ್ರೆ ಹಿಂದಿನ ಎರಡು ವರ್ಷವೂ ಆದಾಯ ಐದು ಕೋಟಿ ಮೀರದೋರಿಗೆ, 2025ರ ತಿದ್ದುಪಡಿ ನಂತರ ಹತ್ತು ವರ್ಷ ಸಿಗುತ್ತೆ. ಒಂದು ಸಲ ಕಷ್ಟಪಟ್ಟರೆ ಹತ್ತು ವರ್ಷ ನೆಮ್ಮದಿ.

ನಮ್ಮದೇನಾಯ್ತು ಅಂತ ಕೇಳ್ತೀರಿ. ಫೆಬ್ರವರಿಯಲ್ಲಿ ಮೇಲ್ಮನವಿ ಹಾಕಿದ್ವಿ. ಒಬ್ಬ ಯುವ ವಕೀಲೆ ಫೀಸಿಲ್ಲದೆ ವಾದ ಮಾಡಿದ್ರು. ಅರ್ಜಿದಾರರ ಮಾತು ಕೇಳಿ ಮತ್ತೆ ತೀರ್ಮಾನ ಮಾಡಿ ಅಂತ ನ್ಯಾಯಮಂಡಳಿ ವಾಪಸ್ ಕಳಿಸಿದೆ. ಈ ಸಲ ನೋಟಿಸ್ ಬಂದ ಮೂರನೇ ದಿನಕ್ಕೆ ಉತ್ತರ ಕೊಟ್ಟಿದ್ದೀವಿ, ನೂರಾಹತ್ತು ಪುಟ. ಮೊದಲ ಪುಟದಲ್ಲಿ ವಿವರಣೆ 2. ಫಲಿತಾಂಶ ಇನ್ನೂ ಬಂದಿಲ್ಲ. ಸಿಗಬಹುದು, ಸಿಗದೇ ಇರಬಹುದು. ಸಿಗದಿದ್ದರೆ ಮತ್ತೆ ಹೋಗ್ತೀವಿ.

ಹೋದ ವಾರ ಆ ತಾಯಿ ಗ್ರಂಥಾಲಯದ ಹತ್ರ ಬಂದಿದ್ರು. "ಏನಾಯ್ತು ಮಗಾ ಆ ಕಾಗದ?" ಅಂದ್ರು. ಇನ್ನೂ ಬಂದಿಲ್ಲವ್ವ, ಆದ್ರೆ ನಮ್ಮ ಹೆಸರು ಹಂಗೇ ಅದೆ ಅಂದೆ. "ಸರಿ ಬುಡು, ಐಕ ಬಂದವಾ ಪಾಠಕ್ಕೆ?" ಅಂದು ಒಳಗೆ ಹೋದ್ರು. ಅವತ್ತು ಇಪ್ಪತ್ತಾರು ಮಕ್ಕಳು ಬಂದಿದ್ರು. ಹಾಜರಿ ಪುಸ್ತಕದಲ್ಲಿ ಬರೆದಿದೆ.

ಜೈ ಭೀಮ್.